ಒಡಲೊಳಗೆ ಹಾಲು: ಆಲೂಗಡ್ಡೆಯ ಗರಿಗರಿ ಉಂಡೆಯ ಪಾಕವಿಚಾರ

ಅಡುಗೆಯನ್ನು ಒಂದು ಶಾಸ್ತ್ರವೆಂದು ಬಗೆದು ಅದನ್ನು ಗ್ರಂಥಸ್ಥಗೊಳಿಸಿದ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಷ್ಟಿ, ವಾಸ್ತು, ವೃಕ್ಷಾಯುರ್ವೇದಗಳ ಸಾಲಿನಲ್ಲಿಯೇ ಸೂಪಶಾಸ್ತ್ರಕ್ಕೂ ಸ್ಥಾನವಿತ್ತನು. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ಷಟ್ಪದಿಯಲ್ಲಿಯೇ ಒಂದು 'ಸೂಪಶಾಸ್ತ್ರ'ವನ್ನು ಬರೆದನು. ವೀರಶೈವ ಅರಸನಾದ ಕೆಳದಿಯ ಬಸವಭೂಪಾಲನು ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವೆಂಬ ವಿಶ್ವಕೋಶವೂ ಪಾಕವಿದ್ಯೆಯನ್ನು ಕೈಬಿಟ್ಟಿಲ್ಲ. ರಾಜ್ಯಭಾರದ ನಡುವೆಯೂ ಅರಸರು ಗಮನಿಸಿದ ವಿದ್ಯೆಯನ್ನು ಇಂದಿನವರು ಸಾಮಾನ್ಯವೆಂದು ತಳ್ಳಿಹಾಕಲಾಗದು.

ಈಚಿನ ದಶಕಗಳಲ್ಲಿ ಪೇಟೆಯ ಉಪಾಹಾರಗೃಹಗಳಿಂದ ಹಳ್ಳಿಯ ಮನೆಗಳವರೆಗೂ ಹಬ್ಬಿರುವ ತಿನಿಸೊಂದಿದೆ. ಬೇಯಿಸಿದ ಆಲೂಗಡ್ಡೆಯ ಕಣಕದೊಳಗೆ ಚೀಸನ್ನೋ ಪನೀರನ್ನೋ ಅಡಗಿಸಿ, ಹೊರಮೈಗೆ ಪುಡಿಯನ್ನು ಹೊದಿಸಿ, ಕಾದ ಎಣ್ಣೆಯಲ್ಲಿ ಕರಿದು ತೆಗೆಯುವ ಉಂಡೆಯದು. ಮಕ್ಕಳು ಇದನ್ನು 'ಚೀಸ್ ಬಾಲ್' ಎಂದು ಕರೆದು ಬೇಡುತ್ತಾರೆ. ಹಿರಿಯರು ಎರಡು ಸಂದೇಹಗಳಿಂದ ಹಿಂಜರಿಯುತ್ತಾರೆ. ಇದು ಪರದೇಶದ ತಿಂಡಿ, ಮನೆಯ ಒಲೆಗೆ ಒಗ್ಗುವುದೇ ಎಂಬುದು ಮೊದಲನೆಯದು. ಚೀಸೆಂಬುದು ಶುದ್ಧ ಸಸ್ಯಾಹಾರಿಗಳಾದ ಶಿವಭಕ್ತರ ಮನೆಯೊಳಗೆ ಬರತಕ್ಕದ್ದೇ ಎಂಬುದು ಎರಡನೆಯದು. ಎರಡನೆಯ ಸಂದೇಹ ಹಗುರವಾದುದಲ್ಲ; ಅದಕ್ಕೆ ಖಚಿತವಾದ ಉತ್ತರ ಬೇಕು. ವಸ್ತುಗಳ ಗುಣವನ್ನು ಅರಿತವರಿಗೆ ಎರಡೂ ಸಂದೇಹಗಳು ಪರಿಹಾರವಾಗುತ್ತವೆ. ಉಂಡೆಯೂ ಒಡೆಯದೆ ಬರುತ್ತದೆ.

ಗಡ್ಡೆ ಬಂದ ದಾರಿ

ಲೋಕೋಪಕಾರ, ಸೂಪಶಾಸ್ತ್ರಗಳ ಕಾಲಕ್ಕೆ ಆಲೂಗಡ್ಡೆ ಭರತಖಂಡವನ್ನು ಪ್ರವೇಶಿಸಿರಲಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರಾಂತದ ಜನರು ಸಾವಿರಾರು ವರ್ಷಗಳಿಂದ ಬೆಳೆದುಕೊಂಡು ಬಂದಿದ್ದ ಈ ಗಡ್ಡೆಯನ್ನು 16ನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದರು. ಅನಂತರ ಪೋರ್ಚುಗೀಸರ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಬಂದ ದಾರಿಯ ಗುರುತು ಅದರ ಹೆಸರುಗಳಲ್ಲಿಯೇ ಉಳಿದಿದೆ. ಕರಾವಳಿಯ ಹಾಗೂ ಉತ್ತರ ಕರ್ನಾಟಕದ 'ಬಟಾಟೆ', 'ಬಟಾಟಿ'ಗಳು ಪೋರ್ಚುಗೀಸರ ಮಾತಿನಿಂದ ಬಂದವು. ಹಳೆಯ ಮೈಸೂರು ಸೀಮೆಯ 'ಉರುಳಗಡ್ಡೆ' ಅದರ ದುಂಡಗಿನ ಆಕಾರವನ್ನು ಹೇಳುವ ಅಚ್ಚ ದೇಶ್ಯ. 'ಆಲೂಗಡ್ಡೆ'ಯಲ್ಲಿರುವ 'ಆಲು' ಎಂಬುದಾದರೋ ತಿನ್ನತಕ್ಕ ಗಡ್ಡೆಗಳಿಗೆ ಸಂಸ್ಕೃತದಲ್ಲಿ ಮೊದಲೇ ಇದ್ದ 'ಆಲುಕ' ಶಬ್ದಕ್ಕೆ ಸಂಬಂಧಿಸಿದ್ದು. ಬಂದ ಅತಿಥಿಗೆ ಮನೆಯ ಹೆಸರನ್ನೇ ಇಟ್ಟು ಒಳಕ್ಕೆ ಕರೆದುಕೊಂಡ ಭಾಷೆ ನಮ್ಮದು.

ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಎಡೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳಿವೆ. 1947ರವರೆಗೆ ಇಡೀ ಜಿಲ್ಲೆಗೇ ಕಡೂರಿನ ಹೆಸರಿತ್ತು. ಕಡೂರು, ಚಿಕ್ಕಮಗಳೂರು ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿಯೂ ನೆರೆಯ ಹಾಸನ ಜಿಲ್ಲೆಯಲ್ಲಿಯೂ ಮುಂಗಾರಿನ ಆಲೂಗಡ್ಡೆ ಬಹುಕಾಲದಿಂದ ರೈತನ ಹಣದ ಬೆಳೆಯಾಗಿದೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು 1968ರಲ್ಲಿ ಹೊರತಂದ 'ಕುಫ್ರಿ ಜ್ಯೋತಿ' ಈ ಸೀಮೆಯಲ್ಲಿ ಮನೆಮಾತಾದ ತಳಿ. ಬಿತ್ತನೆಯ ಗಡ್ಡೆ ದೂರದ ಪಂಜಾಬಿನ ಜಲಂಧರ ಕಡೆಯಿಂದ ಬರಬೇಕು. ಮೋಡ ಮುಸುಕಿ ತೇವ ನಿಂತರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಹಸಿರು ಹೊಲವನ್ನು ಕಪ್ಪಾಗಿಸುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಭೀಕರ ಕ್ಷಾಮವನ್ನು ತಂದದ್ದು ಇದೇ ರೋಗ. ಇಷ್ಟನ್ನು ದಾಟಿ ಬೆಳೆ ಕೈಗೆ ಬಂದ ವರ್ಷ ಎಲ್ಲರ ಬೆಳೆಯೂ ಒಮ್ಮೆಗೇ ಮಾರುಕಟ್ಟೆಗೆ ನುಗ್ಗಿ ಬೆಲೆ ಕುಸಿಯುವುದುಂಟು. ಅಂಥ ದಿನಗಳಲ್ಲಿ ಮನೆಯ ಮೂಲೆಯಲ್ಲಿ ಉಳಿದ ಮೂಟೆಯನ್ನು ಮೌಲ್ಯವುಳ್ಳ ತಿನಿಸಾಗಿ ಪರಿವರ್ತಿಸುವ ವಿದ್ಯೆ ಬರಿಯ ನಾಲಗೆಯ ಚಪಲವಲ್ಲ. ಅದು ಬೆವರಿನ ಫಲವನ್ನು ವ್ಯರ್ಥಗೊಳಿಸದ ವಿವೇಕ.

ಹಾಲು ಹೆಪ್ಪಾಗುವ ಬಗೆ

ಇನ್ನು ಹೂರಣದ ವಿಚಾರ. ಹಾಲನ್ನು ಒಡೆದು ಗಟ್ಟಿಮಾಡಿ ಕರಿಯುವುದು ಪಾಶ್ಚಾತ್ಯರಿಂದ ಕಲಿತ ವಿದ್ಯೆಯೆಂದು ತಿಳಿದವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು ನೋಡಬೇಕು. 12ನೆಯ ಶತಮಾನದ ಪೂರ್ವಾರ್ಧದ ಆ ಸಂಸ್ಕೃತ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ 'ಕ್ಷೀರಪ್ರಕಾರ'ವೆಂಬ ಭಕ್ಷ್ಯದ ವಿಧಾನವಿದೆ. ಕಾದ ಹಾಲನ್ನು ಹುಳಿಯಿಂದ ಒಡೆದು, ನೀರನ್ನು ಸೋಸಿ, ಉಳಿದ ಗಟ್ಟಿಯನ್ನು ಅಕ್ಕಿಹಿಟ್ಟಿನೊಡನೆ ನಾದಿ, ಬಗೆಬಗೆಯ ಆಕಾರಗಳನ್ನು ಕಟ್ಟಿ, ತುಪ್ಪದಲ್ಲಿ ಕರಿದು, ಸಕ್ಕರೆಯ ಲೇಪ ಕೊಡುವುದು ಅದರ ಕ್ರಮ. ಕೆಲವೇ ದಶಕಗಳ ಬಳಿಕ ಅದೇ ಕಲ್ಯಾಣವು ಬಸವಾದಿ ಶರಣರ ಕಾರ್ಯಕ್ಷೇತ್ರವಾಯಿತು. ಒಡೆದ ಹಾಲು, ಅಕ್ಕಿಹಿಟ್ಟು, ಕಾದ ಜಿಡ್ಡು ಎಂಬ ಮೂರರ ಕೂಟ ಹೀಗೆ ಈ ನೆಲದಲ್ಲಿಯೇ ಎಂಟುನೂರು ವರ್ಷಗಳಿಗೂ ಹಳೆಯದು. ಹೊಸದಾಗಿ ಬಂದು ಸೇರಿದ್ದು ಆಲೂಗಡ್ಡೆಯೊಂದೇ.

ಕನ್ನಡದ ನಿಘಂಟುಗಳಲ್ಲಿ ಚೀಸಿಗೆ 'ಗಿಣ್ಣ'ವೆಂಬ ಅರ್ಥವನ್ನು ಕೊಡುವ ರೂಢಿಯಿದೆ. ಆದರೆ ಹಸು ಕರುಹಾಕಿದಾಗಿನ ಮೊದಲ ದಿನಗಳ ಹಾಲನ್ನು ಬೆಲ್ಲದೊಡನೆ ಕಾಯಿಸಿ ನೆರೆಹೊರೆಗೆ ಹಂಚುವ ಗಿಣ್ಣ ಬೇರೆ, ಚೀಸು ಬೇರೆ. ಗಿಣ್ಣದ ಹಾಲು ತನ್ನಲ್ಲಿ ಹೇರಳವಾಗಿರುವ ಸಸಾರಜನಕಗಳಿಂದ ಶಾಖ ತಾಗಿದೊಡನೆ ತಾನಾಗಿಯೇ ಗಟ್ಟಿಯಾಗುತ್ತದೆ. ಅದಕ್ಕೆ ಹುಳಿಯೂ ಬೇಡ, ಹೆಪ್ಪೂ ಬೇಡ. ಸಾಮಾನ್ಯ ಹಾಲು ಗಟ್ಟಿಯಾಗಬೇಕಾದರೆ ಹೊರಗಿನ ಪ್ರೇರಣೆ ಬೇಕು. ಆ ಪ್ರೇರಣೆ ಎರಡು ಬಗೆಯದು. ನಿಂಬೆರಸ ಅಥವಾ ಹುಳಿಮೊಸರು ಹಾಕಿ ಒಡೆದರೆ ಆಗುವುದು ಪನೀರು. 'ರೆನೆಟ್' ಎಂಬ ಕಿಣ್ವವನ್ನು ಹಾಕಿ ಹೆಪ್ಪುಗಟ್ಟಿಸಿ, ಹದವರಿತು ಮಾಗಿಸಿದರೆ ಆಗುವುದು ಬಹುತೇಕ ಚೀಸುಗಳು.

ಹಿರಿಯರ ಸಂದೇಹಕ್ಕೆ ಮೂಲವಿರುವುದು ಈ ರೆನೆಟ್ಟಿನಲ್ಲಿಯೇ. ಹಿಂದಿನಿಂದ ಯೂರೋಪಿನವರು ಅದನ್ನು ಹಾಲು ಕುಡಿಯುವ ಎಳಗರುವಿನ ಜಠರದಿಂದ ತೆಗೆಯುತ್ತಿದ್ದರು. ಅದಕ್ಕೆ ಕರುವಿನ ವಧೆ ಅನಿವಾರ್ಯವಾಗಿತ್ತು. ಹಾಲಿನಿಂದಲೇ ಆದದ್ದು, ಆದ್ದರಿಂದ ಸಸ್ಯಾಹಾರವೇ ಸರಿ ಎಂಬ ಸರಳ ತರ್ಕ ಇಲ್ಲಿ ನಿಲ್ಲುವುದಿಲ್ಲ. ಆದರೆ ಚೀಸೆಲ್ಲವೂ ಹಾಗೆಂದು ತಿಳಿಯುವುದೂ ತಪ್ಪು. ಕೆಲವು ಬಗೆಯ ಶಿಲೀಂಧ್ರಗಳಿಂದ ಪಡೆದ ಕಿಣ್ವವು ಅದೇ ಕಾರ್ಯವನ್ನು ಮಾಡಬಲ್ಲದು. ಸೂಕ್ಷ್ಮಜೀವಿಗಳಿಂದ ಹುದುಗು ವಿಧಾನದಲ್ಲಿ ತಯಾರಿಸಿದ ಕಿಣ್ವಕ್ಕೆ 1990ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಪ್ರಪಂಚದ ಚೀಸಿನ ಬಹುಭಾಗ ಕರುವಿನ ಹಂಗಿಲ್ಲದೆಯೇ ತಯಾರಾಗುತ್ತಿದೆ. ಭಾರತದಲ್ಲಿ ಪೊಟ್ಟಣದ ಆಹಾರದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆಯಿದ್ದರೆ ಅದು ಸಸ್ಯಾಹಾರವೆಂಬುದಕ್ಕೆ ಕಾನೂನಿನ ಗುರುತು. ಕೊಳ್ಳುವವರು ಚುಕ್ಕೆಯನ್ನೂ ಪದಾರ್ಥಗಳ ಪಟ್ಟಿಯನ್ನೂ ಓದಿ ಕೊಂಡರೆ ಆಚಾರಕ್ಕೆ ಭಂಗವಿಲ್ಲ. ಪರದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಈ ಹಸಿರು ಚುಕ್ಕೆಯ ನೆರವು ಎಲ್ಲೆಡೆ ದೊರೆಯದು. ಅಲ್ಲಿ ರೆನೆಟ್ಟಿನ ಮೂಲವನ್ನು ವಿಚಾರಿಸಿಯೇ ಕೊಳ್ಳಬೇಕು. ಇಷ್ಟರ ಮೇಲೂ ಮನಸ್ಸು ಒಪ್ಪದವರಿಗೆ ಮನೆಯ ಪನೀರು ಇದ್ದೇ ಇದೆ. ಅದರಲ್ಲಿ ಹಾಲು ಮತ್ತು ನಿಂಬೆಯ ಹೊರತು ಮೂರನೆಯದಿಲ್ಲ.

ಹಾಲಿನ ವಿಷಯದಲ್ಲಿ ಈ ಸೀಮೆ ಹೆಸರುವಾಸಿಯಾದುದು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎನಿಸಿತು. ಆ ಹೆಸರಿನ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿದೆ. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಅಮೃತಮಹಲ್ ರಾಸುಗಳ ಕೀರ್ತಿ ದುಡಿಮೆಯಿಂದ ಬಂದದ್ದೇ ಹೊರತು ಹಾಲಿನ ಸಮೃದ್ಧಿಯಿಂದಲ್ಲ. ಇಂದು ಹಳ್ಳಿಯ ಡೇರಿಗೆ ಹಾಲು ತುಂಬಿಸುವುವು ಬಹುಮಟ್ಟಿಗೆ ಮಿಶ್ರತಳಿಯ ಹಸುಗಳು. 1974ರಲ್ಲಿ ಆರಂಭವಾದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮವು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಗಿ ಮಾರ್ಪಟ್ಟಿತು. ಈ ಸಹಕಾರ ವ್ಯವಸ್ಥೆಯಿಂದಾಗಿ ಎರಡು ಹಸು ಕಟ್ಟಿದ ಮನೆಗೂ ಹಾಲು ನಿತ್ಯದ ವರಮಾನವಾಗಿದೆ.

ಪಾಕವಿಧಾನ

ಇಪ್ಪತ್ತನಾಲ್ಕು ಉಂಡೆಗಳಿಗೆ ಬೇಕಾದ ಸಾಮಗ್ರಿ ಇಂತಿದೆ: ಆಲೂಗಡ್ಡೆ 1 ಕಿಲೊ, ಹಸುವಿನ ಹಾಲು ಒಂದೂವರೆ ಲೀಟರು, ನಿಂಬೆಹಣ್ಣು 2, ಪುಡಿಮಾಡಿದ ಅವಲಕ್ಕಿ 80 ಗ್ರಾಮು, ಮೈದಾ 4 ಚಮಚ, ಅಕ್ಕಿಹಿಟ್ಟು 2 ಚಮಚ, ರಸ್ಕಿನ ಪುಡಿ ಅಥವಾ ಕೈಯಿಂದ ಮುರಿದ ಸಣ್ಣ ಶ್ಯಾವಿಗೆ ಒಂದು ಬಟ್ಟಲು, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿಸೊಪ್ಪು, ಕಾಳುಮೆಣಸಿನ ಪುಡಿ, ಉಪ್ಪು ರುಚಿಗೆ ತಕ್ಕಷ್ಟು, ಕರಿಯಲು ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ. ಇವುಗಳಲ್ಲಿ ಹೆಚ್ಚಿನವು ಹೊಲ ಕೊಟ್ಟಿಗೆಗಳಿಂದ, ಭದ್ರೆಯ ನೀರುಂಡ ತರೀಕೆರೆ ಕಡೆಯ ಗದ್ದೆಗಳಿಂದ, ಊರಿನ ಸಂತೆಯಿಂದ ಒದಗುವಂಥವು.

ಮೊದಲು ಪನೀರು. ಹಾಲು ಒಂದು ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಎರಡು ನಿಮಿಷ ಬಿಡಬೇಕು. ನಿಂಬೆರಸಕ್ಕೆ ಸಮಪಾಲು ನೀರು ಬೆರೆಸಿ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಮೆಲ್ಲನೆ ಕದಡಬೇಕು. ಗಟ್ಟಿಯೂ ನೀರೂ ಬೇರೆಯಾಗಿ, ನೀರು ಎಳೆಹಸಿರಾಗಿ ತಿಳಿಯಾದಾಗ ಹುಳಿ ಸಾಕು. ಅದಕ್ಕಿಂತ ಹೆಚ್ಚಿದರೆ ಪನೀರು ಬಿರುಸಾಗುತ್ತದೆ. ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಗಂಟುಕಟ್ಟಿ, ಮೇಲೆ ಭಾರವಿಟ್ಟು ಮುಕ್ಕಾಲು ಗಂಟೆ ಬಿಟ್ಟರೆ ಸುಮಾರು 250 ಗ್ರಾಮು ಗಟ್ಟಿ ದೊರೆಯುತ್ತದೆ. ಸೋಸಿದ ತಿಳಿಯನ್ನು ಚೆಲ್ಲಬಾರದು. ಅದಕ್ಕೆ ಹಸಿರುಛಾಯೆ ಬಂದಿರುವುದು ರೈಬೋಫ್ಲೇವಿನ್ ಎಂಬ ಜೀವಸತ್ವದಿಂದ. ಚಪಾತಿಯ ಹಿಟ್ಟನ್ನು ಕಲಸಲು, ಸಾರಿಗೆ ಬೆರೆಸಲು ಅದು ಉತ್ತಮ. ಪನೀರನ್ನು ಕೈಯಿಂದ ಮಸೆದು ಮೆಣಸಿನಕಾಯಿ, ಕೊತ್ತಂಬರಿ, ಕಾಳುಮೆಣಸು, ಉಪ್ಪು ಬೆರೆಸಿ ನೆಲ್ಲಿಕಾಯಿಗಿಂತ ಚಿಕ್ಕದಾದ ಇಪ್ಪತ್ತನಾಲ್ಕು ಗೋಲಿಗಳನ್ನು ಮಾಡಿಡಬೇಕು.

ಹುಳಿಯಿಂದ ಒಡೆದ ಪನೀರು ಶಾಖಕ್ಕೆ ಕರಗುವುದಿಲ್ಲ. ರೆನೆಟ್ಟಿನಿಂದಾದ ಚೀಸು ಕರಗಿ ನೂಲಿನಂತೆ ಎಳೆಬಿಡುತ್ತದೆ. ಮಕ್ಕಳು ಬಯಸುವ ಆ ಎಳೆ ಬೇಕಾದವರು ಹಸಿರು ಚುಕ್ಕೆಯ ಚೀಸನ್ನು ತುರಿದು ಪನೀರಿಗೆ ಸಮಪಾಲು ಸೇರಿಸಬಹುದು. ಬರಿಯ ಚೀಸನ್ನೇ ತುಂಬಿದರೆ ಅದು ಕರಗಿ ಹರಿದು ಸಣ್ಣ ಬಿರುಕಿನಿಂದಲೂ ಹೊರನುಗ್ಗುವ ಭಯವುಂಟು. ಪನೀರು ಅದಕ್ಕೆ ಒಡ್ಡಿನಂತೆ ನಿಲ್ಲುತ್ತದೆ.

ಎರಡನೆಯದು ಆಲೂಗಡ್ಡೆ. ಇದರ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಉಂಡೆಯ ಗೆಲುವು ಸೋಲುಗಳೆರಡೂ ಆ ನೀರಿನ ಕೈಯಲ್ಲಿವೆ. ಸಿಪ್ಪೆ ತೆಗೆದು ಹೋಳುಮಾಡಿ ಬೇಯಿಸಿದರೆ ಇನ್ನಷ್ಟು ನೀರು ಕುಡಿಯುತ್ತದೆ; ಆದ್ದರಿಂದ ಇಡಿಯಾಗಿ, ಸಿಪ್ಪೆಯ ಸಮೇತ, ಬಿರಿಯದಂತೆ ಬೇಯಿಸಬೇಕು. ಬೆಂದೊಡನೆ ನೀರನ್ನು ಬಸಿದು, ಬಿಸಿಯಿರುವಾಗಲೇ ಸಿಪ್ಪೆ ಸುಲಿದು, ಅಗಲವಾದ ತಟ್ಟೆಯಲ್ಲಿ ಹರಡಿ ಹಬೆಯನ್ನು ಹೊರಡಿಸಬೇಕು. ಆ ಬಳಿಕ ತುರಿಯುವ ಮಣೆಯಿಂದ ತುರಿದು ಹಗುರವಾಗಿ ಮಸೆಯಬೇಕು. ಮಿಕ್ಸಿಗೆ ಮಾತ್ರ ಹಾಕಬಾರದು. ಹೆಚ್ಚು ಅರೆದರೆ ಕೋಶಗಳೊಡೆದು ಪಿಷ್ಟ ಹೊರಬಂದು ಇಡೀ ಮುದ್ದೆ ಅಂಟಾಗುತ್ತದೆ. ಪೂರ್ತಿ ಆರಿದ ಮೇಲೆ ಅವಲಕ್ಕಿಪುಡಿ, ಶುಂಠಿ, ಉಪ್ಪು ಸೇರಿಸಿ ಕಣಕ ಮಾಡಬೇಕು. ಅವಲಕ್ಕಿ ಉಳಿದ ತೇವವನ್ನು ಹೀರಿ ಕಣಕವನ್ನು ಬಿಗಿಗೊಳಿಸುತ್ತದೆ. ಅಜ್ಜಂಪುರದ ಈರುಳ್ಳಿ ಎಷ್ಟೇ ರುಚಿಯಾದುದಾದರೂ ಹಸಿಯಾಗಿ ಕಣಕದೊಳಗೆ ಸೇರಿಸುವುದು ಸಲ್ಲದು. ಅದು ನೀರು ಬಿಟ್ಟು ಉಂಡೆಯನ್ನು ಒಡೆಯುತ್ತದೆ. ಅದನ್ನು ಹೆಚ್ಚಿ ಪಕ್ಕದಲ್ಲಿ ಬಡಿಸಬಹುದು.

ಗಡ್ಡೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಬಿಸಿಲು ತಾಗಿ ಹಸಿರಾದ ಭಾಗದಲ್ಲಿ ಸೊಲನಿನ್ ಎಂಬ ವಿಷವಸ್ತುವಿರುವ ಸಂಭವವುಂಟು. ಅಂಥ ಭಾಗವನ್ನೂ ಮೊಳಕೆಯನ್ನೂ ದಪ್ಪವಾಗಿ ಕೆತ್ತಿ ತೆಗೆಯಬೇಕು. ಹೆಚ್ಚು ಹಸಿರಾಗಿದ್ದರೆ ಗಡ್ಡೆಯನ್ನೇ ಬಿಡಬೇಕು. ಶೈತ್ಯಾಗಾರದಲ್ಲಿಯೋ ಫ್ರಿಜ್ಜಿನಲ್ಲಿಯೋ ಇದ್ದ ಗಡ್ಡೆಯ ಪಿಷ್ಟ ತಂಪಿಗೆ ಸಕ್ಕರೆಯಾಗಿ ಮಾರ್ಪಟ್ಟಿರುತ್ತದೆ. ಅದು ಸಿಹಿಯಾಗಿ, ಕರಿದಾಗ ಬೇಗ ಕಪ್ಪಾಗುತ್ತದೆ. ಅಂಥದನ್ನು ಎರಡು ವಾರ ಕತ್ತಲೆಯ ಗಾಳಿಯಾಡುವ ಕೋಣೆಯಲ್ಲಿರಿಸಿದರೆ ಸಕ್ಕರೆ ತಗ್ಗುತ್ತದೆ.

ಮೂರನೆಯದು ಕಟ್ಟುವುದು. ಅಂಗೈಗೆ ಎಣ್ಣೆ ಸವರಿ, ನಿಂಬೆಹಣ್ಣಿನ ಗಾತ್ರದ ಕಣಕವನ್ನು ಹೋಳಿಗೆಯ ಕಣಕದಂತೆ ತಟ್ಟಿ, ನಡುವೆ ಗೋಲಿಯನ್ನಿಟ್ಟು, ಅಂಚುಗಳನ್ನು ಕೂಡಿಸಿ ಬಿರುಕಿಲ್ಲದಂತೆ ಉರುಟಬೇಕು. ಹೋಳಿಗೆ ತುಂಬಿ ಬಲ್ಲ ಕೈಗೆ ಇದು ಹೊಸ ಪಾಠವಲ್ಲ. ಅರ್ಧ ಗಂಟೆ ತಂಪಾದ ಎಡೆಯಲ್ಲಿಟ್ಟು ಬಿಗಿಯಾಗಲು ಬಿಡಬೇಕು. ಮೈದಾ, ಅಕ್ಕಿಹಿಟ್ಟುಗಳನ್ನು ನೀರಿನಲ್ಲಿ ಕದಡಿ ತೆಳುವಾದ ಗಂಜಿಯ ಹದಕ್ಕೆ ತಂದು, ಉಂಡೆಯನ್ನು ಅದರಲ್ಲಿ ಅದ್ದಿ, ರಸ್ಕಿನ ಪುಡಿಯಲ್ಲಿಯೋ ಶ್ಯಾವಿಗೆಯಲ್ಲಿಯೋ ಹೊರಳಿಸಬೇಕು. ಗರಿಗರಿತನವು ಆಲೂಗಡ್ಡೆಯದಲ್ಲ, ಈ ಹೊದಿಕೆಯದು. ಕಾದ ಎಣ್ಣೆಯಲ್ಲಿ ಹೊದಿಕೆಯ ನೀರೆಲ್ಲ ಆವಿಯಾಗಿ ಸೂಕ್ಷ್ಮ ರಂಧ್ರಗಳ ಒಣ ಪದರವೊಂದು ಉಳಿಯುತ್ತದೆ. ಹಲ್ಲಿಗೆ 'ಗರಿ' ಎನಿಸುವುದು ಅದೇ.

ನಾಲ್ಕನೆಯದು ಕರಿಯುವುದು. ಒಳಗಿನದೆಲ್ಲ ಮೊದಲೇ ಬೆಂದಿರುವುದರಿಂದ ಹೊರಮೈ ಕೆಂಪಾಗಿ ಒಳಗು ಬಿಸಿಯಾದರೆ ಸಾಕು. ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಚೂರು ಹಿಟ್ಟನ್ನು ಹಾಕಿದರೆ ಅದು ಒಡನೆಯೇ ಗುಳ್ಳೆಯೊಡನೆ ಮೇಲೇಳಬೇಕು. ಹೊಗೆ ಮಾತ್ರ ಏಳಕೂಡದು. ಎಣ್ಣೆ ತಣ್ಣಗಿದ್ದರೆ ಉಂಡೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಒಮ್ಮೆಗೆ ಹತ್ತಾರು ಉಂಡೆಗಳನ್ನು ಹಾಕಿದರೂ ಎಣ್ಣೆಯ ಕಾವು ಇಳಿದು ಅದೇ ಗತಿ. ನಾಲ್ಕೈದರಂತೆ ಹಾಕಿ, ಮೂರು ನಿಮಿಷದೊಳಗೆ ಹೊಂಬಣ್ಣ ಬಂದೊಡನೆ ತೆಗೆಯಬೇಕು. ಹೊಂಬಣ್ಣವನ್ನು ಮೀರಿ ಕಂದಾಗಿಸುವುದು ರುಚಿಗೂ ಹಿತವಲ್ಲ, ಆರೋಗ್ಯಕ್ಕೂ ಹಿತವಲ್ಲ. ಪಿಷ್ಟವುಳ್ಳ ಪದಾರ್ಥವನ್ನು ಅತಿಯಾಗಿ ಕರಿದಾಗ ಅಕ್ರಿಲಮೈಡ್ ಎಂಬ ಅಹಿತಕರ ವಸ್ತು ಉಂಟಾಗುವುದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಕರಿದ ಎಣ್ಣೆಯನ್ನು ಮತ್ತೆಮತ್ತೆ ಕಾಯಿಸುವುದೂ ಸಲ್ಲದು.

ಉಂಡೆ ಎಣ್ಣೆಯಲ್ಲಿ ಒಡೆಯುವುದಕ್ಕೆ ಕಾರಣಗಳು ಮೂರೇ: ಕಣಕದಲ್ಲಿ ಅಥವಾ ಹೂರಣದಲ್ಲಿ ಉಳಿದ ನೀರು, ಮೈಮೇಲಿನ ಬಿರುಕು, ಹದ ತಪ್ಪಿದ ಎಣ್ಣೆ. ಒಳಗಿನ ನೀರು ಆವಿಯಾಗಿ ಹಿಗ್ಗಿ ದುರ್ಬಲವಾದ ಎಡೆಯನ್ನು ಸೀಳಿಕೊಂಡು ಬರುತ್ತದೆ. ಆದ್ದರಿಂದ ಮೊದಲು ಒಂದೇ ಉಂಡೆಯನ್ನು ಕರಿದು ಪರೀಕ್ಷಿಸಬೇಕು. ಅದು ಒಡೆದರೆ ಉಳಿದ ಕಣಕಕ್ಕೆ ಇನ್ನಷ್ಟು ಅವಲಕ್ಕಿಪುಡಿ ಬೆರೆಸಿದರೆ ಸರಿಹೋಗುತ್ತದೆ.

ನೂರಾರು ಮಕ್ಕಳಿಗೆ ಉಣಬಡಿಸುವ ವಿದ್ಯಾರ್ಥಿನಿಲಯಗಳಲ್ಲಿ ಬಾಣಲೆ ತುಂಬ ಎಣ್ಣೆ ಕಾಯಿಸುವುದು ವೆಚ್ಚದ ಮಾತು. ಅದಕ್ಕೆ ಪಡ್ಡಿನ ಹಂಚು ಒಳ್ಳೆಯ ಉಪಾಯ. ಗುಳಿಗೆ ಅರ್ಧ ಚಮಚ ಎಣ್ಣೆ ಹಾಕಿ, ಉಂಡೆಯನ್ನಿಟ್ಟು, ಸಣ್ಣ ಉರಿಯಲ್ಲಿ ತಿರುಗಿಸುತ್ತ ಬೇಯಿಸಿದರೆ ಗರಿಗರಿತನ ಕೊಂಚ ತಗ್ಗಿದರೂ ಎಣ್ಣೆ ಬಹಳ ಉಳಿಯುತ್ತದೆ; ಹಿರಿಯರ ಜಠರಕ್ಕೂ ಹಗುರ. ಜೊತೆಗೆ ಕಡೂರು ಕಡೆಯ ತೆಂಗಿನಕಾಯಿಯ ಚಟ್ನಿಯಿದ್ದರೆ ಬೇರೊಂದು ವ್ಯಂಜನ ಬೇಡ. ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಹೊರಗೆ ಆರಿದಂತೆ ಕಂಡರೂ ಒಳಗಿನ ಹೂರಣ ಬೆಂಕಿಯಂತಿರುತ್ತದೆ. ಮಕ್ಕಳಿಗೆ ಮುರಿದು ಆರಿಸಿ ಕೊಡಬೇಕು. ಹಾಲಿನ ಪದಾರ್ಥವಾದ್ದರಿಂದ ಬುತ್ತಿಕಟ್ಟಿ ದೂರ ಒಯ್ಯಲು ಇದು ತಕ್ಕುದಲ್ಲ. ಕರಿದ ಹೊತ್ತಿನಲ್ಲಿಯೇ ತಿಂದು ಮುಗಿಸಬೇಕು.

ಮನೆಯಲ್ಲಿ ಮಾಡಿದ ತಿನಿಸಿನಲ್ಲಿ ಏನಿದೆಯೆಂಬುದು ಮಾಡಿದವರಿಗೆ ಗೊತ್ತಿರುತ್ತದೆ. ಪೊಟ್ಟಣದ ತಿನಿಸಿನಲ್ಲಿ ಅದನ್ನು ಮುದ್ರಿತ ಅಕ್ಷರದಿಂದ ಅರಿಯಬೇಕು. ಆ ಅಕ್ಷರವನ್ನು ಓದಿ ವಿಚಾರಿಸುವ ಶಕ್ತಿಯನ್ನು ಕೊಡುವುದೇ ವಿದ್ಯಾಲಯದ ಕೆಲಸ. ಬಂದ ವಸ್ತುವನ್ನು ಪರಕೀಯವೆಂಬ ಒಂದೇ ಕಾರಣಕ್ಕೆ ತೊರೆಯದೆ, ರುಚಿಯೆಂಬ ಒಂದೇ ಕಾರಣಕ್ಕೆ ಒಪ್ಪದೆ, ಮೂಲವನ್ನು ಅರಿತು ಸ್ವೀಕರಿಸುವುದು ವಿವೇಕಿಗಳ ಮಾರ್ಗ. ರೈತನ ಕಾಯಕದಿಂದ ಬಂದ ಗಡ್ಡೆ, ಕೊಟ್ಟಿಗೆಯ ಕಾಯಕದಿಂದ ಬಂದ ಹಾಲು, ಅಡುಗೆಮನೆಯ ಕಾಯಕದಿಂದ ಆದ ಪಾಕ ಈ ಮೂರೂ ಕೂಡಿ ಹಸಿದ ಮಗುವಿನ ಕೈಸೇರಿದಾಗ ಆ ಸಣ್ಣ ಉಂಡೆಯೂ ದಾಸೋಹದ ಒಂದು ತುತ್ತಾಗುತ್ತದೆ.